ಚಳಿಗಾಲಕ್ಕೆ ಮುನ್ನ

1939ರ ಜೂನ್ 13ರ ರಾತ್ರಿ. ಅಮೆರಿಕದ ಕನೆಕ್ಟಿಕಟ್ ಪ್ರಾಂತದ ಲೇಕ್‌ವಿಲ್ ಎಂಬ ಊರಿನ ಬೇಸಗೆಯ ಮನೆಯೊಂದರ ತೋಟದಲ್ಲಿ ಅಸಂಖ್ಯ ಮಿಂಚುಹುಳುಗಳು ಹಾರಾಡುತ್ತಿದ್ದವು. ಹಿಂದಿನ ದಿನವಷ್ಟೇ ನ್ಯೂಯಾರ್ಕಿನಲ್ಲಿ ಹಡಗಿನಿಂದ ಇಳಿದಿದ್ದ ಜರ್ಮನ್ ಅತಿಥಿಯೊಬ್ಬರು ಅವನ್ನು ಬೆರಗಿನಿಂದ ನೋಡುತ್ತಿದ್ದರು. ಅಂತಹ ದೃಶ್ಯವನ್ನು ಅವರು ಹಿಂದೆಂದೂ ಕಂಡಿರಲಿಲ್ಲ. ಮುಂಗಾರಿನ ಹೊಸ್ತಿಲಲ್ಲಿ ಮಲೆನಾಡಿನ ರಾತ್ರಿಯನ್ನು ಕಂಡವರಿಗೆ ಈ ಬೆರಗು ಸೋಜಿಗವೆನಿಸೀತು. ಮರುದಿನ ಮುಂಜಾನೆ ಆ ಮನೆಯವರೆಲ್ಲರೂ ಮಂಡಿಯೂರಿ ಪ್ರಾರ್ಥಿಸಿದರು. ಪ್ರಾರ್ಥನೆಯ ನಡುವೆ ಜರ್ಮನಿಯ ಸೋದರರ ಹೆಸರು ಬಂದಾಗ ಅತಿಥಿಗೆ ದುಃಖ ಉಕ್ಕಿಬಂದಿತು.

ಆ ಅತಿಥಿ ಡೀಟ್ರಿಚ್ ಬಾನ್‌ಹೋಫರ್. ಮೂವತ್ತಮೂರು ವರ್ಷದ ಧರ್ಮೋಪದೇಶಕರು. ಹಿಟ್ಲರನ ಆಡಳಿತಕ್ಕೆ ತಲೆಬಾಗಲೊಪ್ಪದ ಕ್ರೈಸ್ತ ಸಭೆಯೊಂದಕ್ಕೆ ಸೇರಿದವರು. ಅವರ ವಯಸ್ಸಿನವರಿಗೆ ಸೈನ್ಯದ ಕರೆ ಬರುವುದರಲ್ಲಿತ್ತು. ಹಿಟ್ಲರನ ಸೈನ್ಯವನ್ನು ಸೇರಲು ಅವರ ಮನಸ್ಸು ಒಪ್ಪದು. ಸೇರುವುದಿಲ್ಲವೆಂದು ಬಹಿರಂಗವಾಗಿ ಹೇಳಿದರೆ ಅವರೊಬ್ಬರಿಗೇ ಅಲ್ಲ, ಇಡೀ ಸಭೆಗೆ ಅಪಾಯ. ಈ ಇಕ್ಕಟ್ಟಿನಿಂದ ಅವರನ್ನು ಪಾರುಮಾಡಬೇಕೆಂದು ಅಮೆರಿಕದ ಗೆಳೆಯರು ಆಹ್ವಾನ ಕಳಿಸಿ, ಉದ್ಯೋಗವನ್ನೂ ಗೊತ್ತುಮಾಡಿದ್ದರು. ಪ್ರಾಣ ಉಳಿಯಿತು, ಗೌರವವೂ ಉಳಿಯಿತು. ಬುದ್ಧಿವಂತರಾದ ಯಾರೂ ಇದನ್ನು ತಪ್ಪೆನ್ನಲಾರರು.

ಅವರ ಪೆಟ್ಟಿಗೆಯಲ್ಲಿ ಒಂದು ಸಣ್ಣ ಪುಸ್ತಕವಿತ್ತು. ವರ್ಷದ ಪ್ರತಿಯೊಂದು ದಿನಕ್ಕೂ ಬೈಬಲಿನ ಒಂದೆರಡು ವಾಕ್ಯಗಳನ್ನು ಕೊಡುವ ಪುಸ್ತಕವದು. ಜರ್ಮನಿಯ ಸ್ಯಾಕ್ಸನಿ ಸೀಮೆಯ ಹೆರ್ನ್‌ಹೂಟ್ ಎಂಬ ಪುಟ್ಟ ಊರಿನಲ್ಲಿ, ಮತದ ಕಿರುಕುಳಕ್ಕೆ ಸಿಕ್ಕಿ ಮೊರಾವಿಯದಿಂದ ಓಡಿಬಂದವರಿಗೆ ಜಿನ್ಜೆಂಡಾರ್ಫ್ ಎಂಬ ಶ್ರೀಮಂತ ಪ್ರಭು ತನ್ನ ಜಮೀನಿನಲ್ಲಿ ಆಶ್ರಯವಿತ್ತಿದ್ದ. 1728ರ ಮೇ 3ರಂದು ಆತ ಅವರಿಗೆ ಮರುದಿನದ ಮಟ್ಟಿಗೆಂದು ಒಂದು ವಾಕ್ಯವನ್ನು ಕೊಟ್ಟ. ಕಾವಲುಗಾರರಿಗೆ ಆಯಾ ದಿನದ ಸಂಕೇತಪದವನ್ನು ಕೊಡುವಂತೆ. ಅದೇ ಪದ್ಧತಿಯಾಯಿತು. 1731ರ ವರ್ಷಕ್ಕೆ ಮೊದಲ ಬಾರಿಗೆ ಪುಸ್ತಕ ಅಚ್ಚಾಯಿತು. ಅಂದಿನಿಂದ ಇಂದಿನವರೆಗೆ ಅದು ವರ್ಷವರ್ಷವೂ ಹೊರಬರುತ್ತಿದೆ. ಹಳೆಯ ಒಡಂಬಡಿಕೆಯ ಸುಮಾರು 1,800 ವಾಕ್ಯಗಳ ಸಂಗ್ರಹದಿಂದ ದಿನಕ್ಕೊಂದರಂತೆ ಚೀಟಿ ಎತ್ತುತ್ತಾರೆ. ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಾಕ್ಯವನ್ನು ಮಾತ್ರ ಯೋಚಿಸಿ ಆರಿಸುತ್ತಾರೆ.

ಚೀಟಿ ಎಂದೊಡನೆ ದೇವರ ಮುಡಿಯಿಂದ ಹೂ ಬಲಕ್ಕೆ ಬಿತ್ತೋ ಎಡಕ್ಕೆ ಬಿತ್ತೋ ಎಂದು ಕಾದು ನಿಲ್ಲುವವರ ನೆನಪಾಗುವುದು ಸಹಜ. ಮಗಳ ಸಂಬಂಧ, ಮನೆಯ ಕ್ರಯ, ಮಗನ ನೌಕರಿ, ಎಲ್ಲಕ್ಕೂ ಹೂವಿನ ಅಪ್ಪಣೆ ಬೇಕು. ಕ್ರೈಸ್ತರಲ್ಲಿಯೂ ಕಣ್ಣು ಮುಚ್ಚಿ ಬೈಬಲನ್ನು ತೆರೆದು, ಬೆರಳಿಟ್ಟ ಕಡೆ ಉತ್ತರ ಹುಡುಕುವವರುಂಟು. ಆದರೆ ಹೆರ್ನ್‌ಹೂಟಿನ ಪುಸ್ತಕದಲ್ಲಿ ಚೀಟಿಯನ್ನು ಎತ್ತುವುದು ವರ್ಷದ ಬಹಳ ಹಿಂದೆ. ಓದುವವನ ಕಷ್ಟ ಹುಟ್ಟುವ ಮುನ್ನವೇ ಅವನ ವಾಕ್ಯ ಅಚ್ಚಾಗಿರುತ್ತದೆ. ಮನೆಯಲ್ಲಿ ಮದುವೆಯಾದರೂ ಸಾವಾದರೂ ಅಂದಿನ ವಾಕ್ಯ ಬದಲಾಗದು. ತನಗೆ ಹಿತವಾದ ಮಾತನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಓದುಗನಿಗಿಲ್ಲ.

ಇಂತಹ ಓದನ್ನು ಬಾನ್‌ಹೋಫರ್ ಇತರರಿಗೆ ಕಲಿಸಿದ್ದರು. 1935ರಿಂದ ಫಿಂಕೆನ್‌ವಾಲ್ಡೆ ಎಂಬಲ್ಲಿ ಅವರು ನಡೆಸುತ್ತಿದ್ದ ಪಾಠಶಾಲೆಯಲ್ಲಿ ಯುವಕರು ಪ್ರತಿದಿನ ಬೆಳಗ್ಗೆ ಅರ್ಧ ಗಂಟೆ ಮೌನವಾಗಿ ಕುಳಿತು ಒಂದೇ ಭಾಗವನ್ನು ವಾರವಿಡೀ ಧ್ಯಾನಿಸಬೇಕಿತ್ತು. ಯುವಕರು ಗೊಣಗಿದರು. ಮನಸ್ಸು ಎಲ್ಲೆಲ್ಲಿಯೋ ಅಲೆಯುತ್ತದೆ ಎಂದರು. ನಿದ್ದೆ ಬರುತ್ತದೆ ಎಂದರು. ಗುರುಗಳು ಬಿಡಲಿಲ್ಲ. 1937ರಲ್ಲಿ ಗುಪ್ತ ಪೊಲೀಸರು ಶಾಲೆಯನ್ನು ಮುಚ್ಚಿಸಿದರು. ಮರುವರ್ಷ ನವೆಂಬರಿನಲ್ಲಿ ಜರ್ಮನಿಯಾದ್ಯಂತ ಯೆಹೂದ್ಯರ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಬಿದ್ದಿತು. ಆಗ ಅವರು ತಮ್ಮ ಬೈಬಲಿನಲ್ಲಿ, ದೇವಸ್ಥಾನಗಳು ಸುಟ್ಟುಹೋದುದಕ್ಕಾಗಿ ಮೊರೆಯಿಡುವ ಎಪ್ಪತ್ತನಾಲ್ಕನೆಯ ಕೀರ್ತನೆಯ ಅಂಚಿನಲ್ಲಿ 9.11.38 ಎಂದು ಬರೆದಿಟ್ಟರು. ಬೇರೆ ಟಿಪ್ಪಣಿಯಿಲ್ಲ. ತಮ್ಮ ನೋವಿಗೆ ಮದ್ದನ್ನು ಹುಡುಕುವುದಷ್ಟೇ ಅವರ ಓದಾಗಿರಲಿಲ್ಲವೆಂಬುದಕ್ಕೆ ಆ ಅಂಕಿಗಳೇ ಸಾಕು.

ನ್ಯೂಯಾರ್ಕಿನಲ್ಲಿ ಅವರಿಗೆ ನೆಮ್ಮದಿಯಿರಲಿಲ್ಲ. ಊರಿನಿಂದ ಕಾಗದ ಬಂದೀತೆಂದು ಅಂಚೆಯಿಂದ ಅಂಚೆಗೆ ಕಾಯುತ್ತಿದ್ದರು. ಬೀದಿಗಳಲ್ಲಿ ಒಬ್ಬರೇ ಅಲೆಯುತ್ತಿದ್ದರು. ಜೂನ್ 20ರಂದು, ಉದ್ಯೋಗವನ್ನು ಗೊತ್ತುಮಾಡಿದ್ದ ಮಹನೀಯರನ್ನು ಕಂಡು, ತಾವು ಅದನ್ನು ಒಪ್ಪಲಾರೆವೆಂದು ತಿಳಿಸಿದರು. ಅವರಿಗೆ ನಿರಾಶೆಯಾಯಿತು, ಪ್ರಾಯಶಃ ಸ್ವಲ್ಪ ಬೇಸರವೂ ಆಯಿತು.

ಇಲ್ಲಿ ಕಥೆಗಾರನಾದರೆ ಧೀರನೊಬ್ಬನ ಚಿತ್ರ ಬರೆದು ಮುಗಿಸುತ್ತಿದ್ದ. ಬಾನ್‌ಹೋಫರರ ದಿನಚರಿ ಬೇರೆಯದನ್ನೇ ಹೇಳುತ್ತದೆ. ತಮ್ಮ ನಿರ್ಧಾರಗಳ ನಿಜವಾದ ಕಾರಣ ತಮಗೇ ಸ್ಪಷ್ಟವಾಗುವುದಿಲ್ಲವೆಂದು ಅವರು ಅಂದು ಬರೆದುಕೊಂಡರು. ಇತರರಿಗೆ ಕೊಟ್ಟ ಕಾರಣಗಳು ಸುಳ್ಳಲ್ಲ, ಆದರೆ ಅವಷ್ಟೇ ನಿಜವಲ್ಲ. ಅಂದಿನ ವಾಕ್ಯವು ದೇವರ ಕಠೋರವಾದ, ಮುಲಾಜಿಲ್ಲದ ತೀರ್ಪನ್ನು ಕುರಿತದ್ದು. ಹೊರಗೆ ಧೈರ್ಯವಾಗಿ ಕಾಣುವ ಈ ನಿರ್ಧಾರದೊಳಗೆ ಎಷ್ಟು ಸ್ವಾರ್ಥವಿದೆ, ಎಷ್ಟು ಅಂಜಿಕೆಯಿದೆ ಎಂಬುದನ್ನು ಆತ ಬಲ್ಲನೆಂದು ಅವರಿಗೆ ಅನ್ನಿಸಿತು. ಹೋಗೆಂದೂ ಆ ವಾಕ್ಯ ಹೇಳಲಿಲ್ಲ, ಇರೆಂದೂ ಹೇಳಲಿಲ್ಲ. ತಾನೊಬ್ಬ ಹುತಾತ್ಮನೆಂದು ಬೀಗುವ ಅವಕಾಶವನ್ನು ಮಾತ್ರ ಕಿತ್ತುಕೊಂಡಿತು. ದಿನವಹಿ ಪಾರಾಯಣದಿಂದ ಆಗಬೇಕಾದ ಕೆಲಸ ಇದೇ ಇದ್ದೀತು. ಸಮಾಧಾನವನ್ನು ಬಯಸಿ ಪುಸ್ತಕ ತೆರೆಯುವವರಿಗೆ ಇದು ರುಚಿಸಲಾರದು.

ಆ ದಿನಗಳಲ್ಲಿಯೇ ಇನ್ನೊಂದು ವಾಕ್ಯ ಅವರ ಎದುರಿಗೆ ಬಂದಿತು. ಯೆಶಾಯ ಪ್ರವಾದಿಯ ಗ್ರಂಥದ ಆ ಮಾತನ್ನು ಲೂಥರನ ಜರ್ಮನ್ ಅನುವಾದದಲ್ಲಿ ಓದಿದರೆ, ನಂಬಿದವನು ಪಲಾಯನ ಮಾಡನೆಂಬ ಅರ್ಥ ಬರುತ್ತದೆ. ಓದಿದೊಡನೆ ಊರಿನಲ್ಲಿ ಬಿಟ್ಟುಬಂದ ಕೆಲಸ ಅವರ ಕಣ್ಣಿಗೆ ಕಟ್ಟಿತು. ಆದರೆ ಬೇರೆ ಭಾಷೆಗಳ ಹಲವು ಅನುವಾದಗಳಲ್ಲಿ ಅದೇ ಮಾತು ಆತುರಪಡನೆಂದಿದೆ. ಬೇರೊಂದು ಭಾಷೆಯಲ್ಲಿ ಓದಿದ್ದರೆ ಇನ್ನಷ್ಟು ದಿನ ತಾಳು ಎಂಬ ಉಪದೇಶವೇ ಅವರಿಗೆ ಅದರಲ್ಲಿ ಕಾಣಬಹುದಿತ್ತು! ಒಂದು ವಾಕ್ಯವನ್ನೇ ಹಿಡಿದು ಬಾಳನ್ನು ತೂಗುವವರು ಇದನ್ನು ಗಮನಿಸುವುದು ಒಳ್ಳೆಯದು.

ಜೂನ್ 26ರಂದು ಅವರು ಅಕಸ್ಮಾತ್ತಾಗಿ, ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯ ಅಧ್ಯಾಯವನ್ನು ಓದಿದರು. ಪೌಲನು ಬರೆಯುತ್ತಿರುವುದು ಸೆರೆಯಿಂದ. ಜೊತೆಗಿದ್ದವರಲ್ಲಿ ಹಲವರು ಹೊರಟುಹೋಗಿದ್ದಾರೆ, ಲೂಕನೊಬ್ಬನೇ ಉಳಿದಿದ್ದಾನೆ. ತ್ರೋವ ಪಟ್ಟಣದಲ್ಲಿ ಕರ್ಪನೆಂಬವನ ಮನೆಯಲ್ಲಿ ಬಿಟ್ಟುಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ ತರಬೇಕೆಂದು ಕೇಳುತ್ತಾನೆ. ಚಳಿಗಾಲಕ್ಕೆ ಮುನ್ನವೇ ಬಂದುಬಿಡೆಂದು ಬೇಡುತ್ತಾನೆ. ಸಿದ್ಧಾಂತವಿಲ್ಲ, ಆಜ್ಞೆಯಿಲ್ಲ, ಚಳಿಗೆ ಅಂಜಿದ ಒಬ್ಬ ಮುದುಕನ ಕೋರಿಕೆ ಇದು. ಹತ್ತೊಂಬತ್ತು ಶತಮಾನಗಳ ಹಿಂದೆ ಬೇರೊಬ್ಬನಿಗೆ ಬರೆದದ್ದು. ಆದರೂ ಅದು ದಿನವಿಡೀ ಬಾನ್‌ಹೋಫರರ ಬೆನ್ನು ಬಿಡಲಿಲ್ಲ. ಇದನ್ನು ತನಗೇ ಹೇಳಿದ್ದೆಂದು ಎಣಿಸಿದರೆ ಶಾಸ್ತ್ರವನ್ನು ದುರುಪಯೋಗ ಮಾಡಿದಂತಾಗುವುದೇ ಎಂಬ ಪ್ರಶ್ನೆಯನ್ನೂ ಅವರು ಎದುರಿಸಿದರು. ಆಗದು, ಆದರೆ ಅದಕ್ಕೆ ದೇವರ ಕೃಪೆ ಬೇಕು ಎಂದು ಬರೆದುಕೊಂಡರು.

ನಿರ್ಧಾರವಾಗಿ ಆಗಲೇ ಆರು ದಿನಗಳಾಗಿದ್ದವೆಂಬುದನ್ನು ಮರೆಯಬಾರದು. ವಾಕ್ಯವು ಅವರ ಪರವಾಗಿ ತೀರ್ಮಾನಿಸಲಿಲ್ಲ. ತೀರ್ಮಾನವನ್ನು ಹೊತ್ತವರು ಅವರೇ, ಅಪಾಯವೂ ಅವರದೇ. ಉಳಿದದ್ದಿಷ್ಟೆ: ಎಲ್ಲೋ ಒಬ್ಬರು ಚಳಿಯಲ್ಲಿ ಕಾದಿದ್ದಾರೆ, ತಡಮಾಡುವಂತಿಲ್ಲ.

ಅವರು ತಡಮಾಡಲಿಲ್ಲ. ಜರ್ಮನಿಯ ಕ್ರೈಸ್ತರ ಈ ಕಷ್ಟಕಾಲದಲ್ಲಿ ಪಾಲುಗೊಳ್ಳದೆ ಹೋದರೆ ಯುದ್ಧಾನಂತರ ಅಲ್ಲಿನ ಬಾಳನ್ನು ಕಟ್ಟುವ ಹಕ್ಕು ತಮಗಿರದೆಂದು ಗೆಳೆಯ ರೈನ್‌ಹೋಲ್ಡ್ ನೀಬೂರರಿಗೆ ಪತ್ರ ಬರೆದರು. ಜುಲೈ ಮೊದಲ ವಾರ ಕಳೆಯುತ್ತಿದ್ದಂತೆ ಅಣ್ಣನೊಡನೆ ಹಡಗು ಹತ್ತಿದರು. ಜುಲೈ 27ರಂದು ಬರ್ಲಿನಿನಲ್ಲಿದ್ದರು. ಸೆಪ್ಟೆಂಬರ್ 1ರಂದು ಯುದ್ಧ ಆರಂಭವಾಯಿತು.

ಮುಂದಿನದು ಲೋಕಕ್ಕೆ ತಿಳಿದ ವಿಷಯ. ಹಿಟ್ಲರನ ವಿರುದ್ಧ ಸಂಚು ನಡೆಸಿದವರೊಡನೆ ಅವರು ಸೇರಿದರು. 1943ರ ಏಪ್ರಿಲ್ 5ರಂದು ಬಂಧನವಾಯಿತು. 1945ರ ಏಪ್ರಿಲ್ 9ರಂದು, ಯುದ್ಧ ಮುಗಿಯಲು ಒಂದು ತಿಂಗಳಿರುವಾಗ, ಫ್ಲಾಸೆನ್‌ಬರ್ಗ್ ಶಿಬಿರದಲ್ಲಿ ನೇಣುಗಂಬವೇರಿದರು. ಆಗ ಅವರಿಗೆ ಮೂವತ್ತೊಂಬತ್ತು ವರ್ಷ. ನ್ಯೂಯಾರ್ಕಿನಲ್ಲಿ ಉಳಿದಿದ್ದರೆ ಹತ್ತಾರು ಗ್ರಂಥಗಳನ್ನು ಬರೆಯುತ್ತಿದ್ದರು ಎನ್ನುವವರ ಮಾತನ್ನೂ ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಸೆರೆಮನೆಯಲ್ಲಿಯೂ ಆ ಪುಟ್ಟ ಪುಸ್ತಕದ ಓದು ನಿಲ್ಲಲಿಲ್ಲ. 1944ರ ಜುಲೈ 20ರಂದು ಹಿಟ್ಲರನನ್ನು ಕೊಲ್ಲುವ ಯತ್ನ ವಿಫಲವಾಯಿತು. ತಾವಿನ್ನು ಉಳಿಯುವುದು ಕಷ್ಟವೆಂದು ಅರಿಯದವರೇನಲ್ಲ ಅವರು. ಮರುದಿನ ಗೆಳೆಯನಿಗೆ ಬರೆದ ಪತ್ರದಲ್ಲಿ, ಧರ್ಮಶಾಸ್ತ್ರದ ಸಮಸ್ಯೆಗಳ ಗೊಡವೆಯಿಲ್ಲದೆ ಆ ದಿನದ ವಾಕ್ಯಗಳಲ್ಲಿ ಸುಮ್ಮನೆ ಸಂತೋಷಪಡುವ ಗಳಿಗೆಗಳೂ ಉಂಟೆಂದು ತಿಳಿಸಿದರು. ನಿನ್ನೆಯ ಮತ್ತು ಇಂದಿನ ವಾಕ್ಯಗಳಂತೂ ಬಹಳ ಹಿಡಿಸಿದವೆಂದು ಬರೆದರು. ನಿನ್ನೆಯದು ರಥಗಳನ್ನೂ ಕುದುರೆಗಳನ್ನೂ ನಂಬುವವರನ್ನು ಕುರಿತದ್ದು. ಇಂದಿನದು, ಭಾನುವಾರದ ಪಾಠಶಾಲೆಯ ಮಕ್ಕಳಿಗೂ ಬಾಯಿಗೆ ಬರುವ, ಕುರುಬನ ಕೀರ್ತನೆಯ ಮೊದಲ ಸಾಲು.