ಲಾಂಗ್ ವೀಕೆಂಡ್ ನಮ್ಮದು, ಕ್ಯಾಲೆಂಡರ್ ಕಡಲಿನದು

ಡಿಸೆಂಬರ್ ಕೊನೆ ಬಂತು ಅಂದ್ರೆ ಎಲ್ಲರ ಫೋನಿಗೂ ಒಂದು ಚಿತ್ರ ಫಾರ್ವರ್ಡ್ ಆಗಿ ಬರತ್ತೆ: ಮುಂದಿನ ವರ್ಷದ ಲಾಂಗ್ ವೀಕೆಂಡ್‌ಗಳ ಪಟ್ಟಿ. ಶುಕ್ರವಾರ ಒಂದು ರಜೆ ಹಾಕಿದ್ರೆ ನಾಲ್ಕು ದಿನ, ಸೋಮವಾರವೂ ಸೇರಿಸಿದ್ರೆ ಐದು. ನಮ್ಮ ಗಂಗಾನಗರ, ಹೆಬ್ಬಾಳ, ಆರ್‌ಟಿ ನಗರದ ಕಡೆಯ ಗ್ರೂಪುಗಳಲ್ಲಿ ಆ ಚಿತ್ರದ ಕೆಳಗೆ ಬೀಳೋ ಮೊದಲ ಹೆಸರು ಸಾಮಾನ್ಯವಾಗಿ ಗೋಕರ್ಣ. ಎರಡನೆಯದು ಮುರುಡೇಶ್ವರ. ಯಾರಾದ್ರೂ ಸ್ಕೂಬಾ ರೀಲ್ಸ್ ನೋಡಿದ್ರೆ ನೇತ್ರಾಣಿ. ತುಮಕೂರು ರಸ್ತೆ ಹಿಡಿದು, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದ್ರೆ ಅಂಕೋಲಾ. ಹೆಚ್ಚುಕಡಿಮೆ ಐನೂರು ಕಿಲೋಮೀಟರ್.

ಆ ಪಟ್ಟಿಯಲ್ಲಿ ಹಬ್ಬ ಇರತ್ತೆ, ಸರ್ಕಾರಿ ರಜೆ ಇರತ್ತೆ. ಸಮುದ್ರದ ವಿಷಯ ಮಾತ್ರ ಇರಲ್ಲ. ನಮ್ಮ ರಾಜ್ಯದ ಕರಾವಳಿಯ ಉತ್ತರದ ತುದಿ, ಅಂದ್ರೆ ಭಟ್ಕಳದಿಂದ ಕಾರವಾರದವರೆಗಿನ ಕಡಲಿಗೆ, ತನ್ನದೇ ಒಂದು ಕ್ಯಾಲೆಂಡರ್ ಇದೆ. ನಾವು ಹೋಗೋ ದಿನಗಳಲ್ಲಿ ಅರ್ಧ ಆ ಕ್ಯಾಲೆಂಡರಿನ ತಪ್ಪು ಪುಟದಲ್ಲಿರುತ್ತವೆ. ಅದನ್ನ ಒಂದ್ಸಲ ತಿಂಗಳ ಪ್ರಕಾರ ನೋಡೋಣ.

ಜೂನ್‌ನಿಂದ ಶುರು ಮಾಡೋಣ, ಯಾಕಂದ್ರೆ ಕಡಲಿನ ಹೊಸ ವರ್ಷ ಅಲ್ಲೇ ಶುರುವಾಗೋದು. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಕರ್ನಾಟಕದಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಟ್ರಾಲರ್‌ಗಳು ಬಂದರಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಸಾಂಪ್ರದಾಯಿಕ ನಾಡದೋಣಿಗಳಿಗೆ ಮಾತ್ರ ವಿನಾಯ್ತಿ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಸಮುದ್ರದ ಮೆಂಟೆನೆನ್ಸ್ ವಿಂಡೋ. ಹೊರಗಿಂದ ನೋಡಿದ್ರೆ ಎಲ್ಲಾ ಬಂದ್, ಒಳಗೆ ಭಾರಿ ಕೆಲಸ.

ಏನು ಕೆಲಸ? ಮಳೆಗಾಲದಲ್ಲಿ ಕರಾವಳಿಯ ಉದ್ದಕ್ಕೂ ಉತ್ತರದಿಂದ ದಕ್ಷಿಣಕ್ಕೆ ಬೀಸೋ ಗಾಳಿ, ಭೂಮಿಯ ತಿರುಗುವಿಕೆಯ ಜೊತೆ ಸೇರಿ, ಮೇಲ್ಪದರದ ಬೆಚ್ಚಗಿನ ನೀರನ್ನ ದಡದಿಂದ ಆಚೆಗೆ ತಳ್ಳುತ್ತೆ. ಖಾಲಿಯಾದ ಜಾಗ ತುಂಬೋಕೆ ಆಳದ ತಣ್ಣನೆಯ ನೀರು ಮೇಲೆ ಬರತ್ತೆ. ಆ ನೀರಲ್ಲಿ ಆಮ್ಲಜನಕ ಕಡಿಮೆ, ಪೋಷಕಾಂಶ ಜಾಸ್ತಿ. ಇತ್ತ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಘಟ್ಟದ ಮಣ್ಣಿನ ಸಾರವನ್ನೆಲ್ಲಾ ತಂದು ಸುರಿಯುತ್ತವೆ. ಎರಡೂ ಸೇರಿದಾಗ ಕಣ್ಣಿಗೆ ಕಾಣದ ಸಸ್ಯ ಪ್ಲವಕಗಳು ಉಕ್ಕಿ ಬೆಳೀತವೆ. ತಾರ್ಲೆ, ಬಂಗುಡೆ ಮರಿಗಳು ಬೆಳೆಯೋದು ಈ ಊಟದ ಮೇಲೆ. ಅಂದ್ರೆ ನವೆಂಬರ್‌ನಲ್ಲಿ ಕುಮಟಾದ ಖಾನಾವಳಿಯಲ್ಲಿ ನಿಮ್ಮ ತಟ್ಟೆಗೆ ಬೀಳೋ ಬಂಗುಡೆ ಫ್ರೈ, ಜುಲೈನಲ್ಲಿ ಯಾರೂ ನೋಡದ ಆ ತಣ್ಣನೆಯ ನೀರಿನ ಕೂಸು. ಬೆಂಗಳೂರಿಗೆ ಜುಲೈನಲ್ಲೂ ಮೀನು ಬರತ್ತಲ್ಲ ಅಂತ ಕೇಳಬಹುದು. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೇ ಮುಗಿಯುತ್ತೆ, ಆ ಕಡೆಯಿಂದ ಐಸ್ ಪೆಟ್ಟಿಗೆಯಲ್ಲಿ ಬರತ್ತೆ.

ನಮ್ಮ ಆಗಸ್ಟ್ 15ರ ಲಾಂಗ್ ವೀಕೆಂಡ್ ಬರೋದು ಇದೇ ಹೊತ್ತಿಗೆ. ನಿಷೇಧ ಮುಗಿದಿರತ್ತೆ, ಮಳೆಗಾಲ ಮುಗಿದಿರಲ್ಲ. ಈ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಹೆಚ್ಚು ಮಳೆ, ಬೆಂಗಳೂರಿನ ಸುಮಾರು ಮೂರು ಪಟ್ಟು. ಅದರ ಬಹುಪಾಲು ಈ ನಾಲ್ಕು ತಿಂಗಳಲ್ಲೇ ಬೀಳೋದು. ಸಮುದ್ರಕ್ಕೆ ಇಳಿಯೋದು ಬಿಡಿ, ದಾರಿಯೇ ಭರವಸೆಯಲ್ಲ. 2024ರ ಜುಲೈ 16ರಂದು ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿ 66ರ ಪಕ್ಕದ ಚಹಾ ಅಂಗಡಿ, ಅಲ್ಲಿ ನಿಂತಿದ್ದ ವಾಹನಗಳೆಲ್ಲ ಮಣ್ಣಿನ ಜೊತೆ ಗಂಗಾವಳಿಗೆ ಹೋದವು. ಒಂದು ಲಾರಿ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ ಕೊನೆಯ ವಾರದಲ್ಲಿ. ಅದೇ ಜುಲೈ 26ರಂದು ಸಕಲೇಶಪುರ ಘಟ್ಟದ ಎಡಕುಮೇರಿ ಬಳಿ ರೈಲು ಹಳಿಯ ಕೆಳಗಿನ ಮಣ್ಣೇ ಜಾರಿತು. ಆಗಸ್ಟ್ 7ರ ನಸುಕಿಗೆ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು, ಚಾಲಕನನ್ನ ಪುಣ್ಯಕ್ಕೆ ಬದುಕಿಸಿದ್ರು. ಇದೆಲ್ಲ ಒಂದೇ ತಿಂಗಳ ಒಳಗೆ. ಕೊಂಕಣ ರೈಲ್ವೆಯವರು ಮಳೆಗಾಲಕ್ಕೆಂದೇ ಬೇರೆ ವೇಳಾಪಟ್ಟಿ ಇಟ್ಟುಕೊಂಡಿದ್ದಾರೆ, ರೈಲುಗಳ ವೇಗ ಇಳಿಸ್ತಾರೆ. ಅಷ್ಟು ದೊಡ್ಡ ರೈಲ್ವೆಯೇ ಮಳೆಗೆ ತಗ್ಗಿ ನಡೀತಿದೆ. ನಾವು ಮಾತ್ರ ಎಂಟೂವರೆ ಗಂಟೆ ಅಂತ ಮ್ಯಾಪ್ ತೋರಿಸಿದ್ದನ್ನೇ ನಂಬ್ತೀವಿ.

ಅಕ್ಟೋಬರ್ ಹೊತ್ತಿಗೆ ನೀರು ತಿಳಿಯಾಗ್ತಾ ಬರತ್ತೆ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿಗೆ ಡೈವಿಂಗ್ ದೋಣಿಗಳು ಹೊರಡುತ್ತವೆ. ಹವಳ, ಗಿಳಿಮೀನು, ಅದೃಷ್ಟ ಇದ್ರೆ ಕಡಲಾಮೆ. ದ್ವೀಪದ ಮರಗಳ ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದಿನ ಗೂಡು. ವರ್ಷಗಟ್ಟಲೆ ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ದ್ವೀಪ ಕೂಡ ಇದೇ.

ಇದೇ ಸಮಯಕ್ಕೆ ನಿಜವಾದ ಚಳಿಯ ಕರಾವಳಿಯಿಂದ ಅತಿಥಿಗಳು ಬರ್ತಾರೆ. ಹೆಬ್ಬಾಳ ಕೆರೆಗೆ ಚಳಿಗಾಲದಲ್ಲಿ ಉತ್ತರದ ಬಾತುಗಳು ಬರೋದು ನಮ್ಮ ಕಡೆಯವರಿಗೆ ಗೊತ್ತಿರೋ ವಿಷಯ. ಕಾರವಾರ, ಹೊನ್ನಾವರದ ದಂಡೆಗೆ ಬರೋದು ಗಲ್ ಹಕ್ಕಿಗಳು. ಇವುಗಳಲ್ಲಿ ಹ್ಯೂಗ್ಲಿನ್ ಗಲ್ ಅನ್ನೋ ಜಾತಿ ಮೊಟ್ಟೆ ಇಡೋದು ರಷ್ಯಾದ ಉತ್ತರದ ತುಂಡ್ರಾದಲ್ಲಿ. ಕಂದು ತಲೆಯ ಗಲ್ ಬರೋದು ಟಿಬೆಟ್, ಲಡಾಖ್ ಕಡೆಯ ಸರೋವರಗಳಿಂದ. ಅಘನಾಶಿನಿ ಅಳಿವೆಯ ಕೆಸರು ದಿಬ್ಬಗಳಲ್ಲಿ ಹಕ್ಕಿಗಳು ಒಂದು ಕಡೆ ಹುಳ ಹೆಕ್ಕುತ್ತಿದ್ರೆ, ಇಳಿತದ ಹೊತ್ತು ನೋಡಿ ಊರವರು ಇನ್ನೊಂದು ಕಡೆ ಬಳಚು ಹೆಕ್ತಿರ್ತಾರೆ. ಆ ನದಿಗೆ ಅಣೆಕಟ್ಟಿಲ್ಲ, ಅಳಿವೆಗೆ ಸಿಹಿನೀರು ತಡೆಯಿಲ್ಲದೆ ಬರತ್ತೆ. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೂ ಸೇರಿತು. ಗೋಕರ್ಣಕ್ಕೆ ಹೋದವರು ತದಡಿಯವರೆಗೆ ಹೋದ್ರೆ ಸಾಕು, ಕಾಣತ್ತೆ.

ಡಾಲ್ಫಿನ್ ವಿಷಯ ಹೇಳದೆ ಮುಂದೆ ಹೋಗೋ ಹಾಗಿಲ್ಲ. ಕಾರವಾರ, ದೇವಬಾಗ, ತದಡಿ ಬಳಿ ಕಾಣೋದು ಬೆನ್ನ ಮೇಲೆ ದಿಬ್ಬ ಇರೋ ಹಂಪ್‌ಬ್ಯಾಕ್ ಡಾಲ್ಫಿನ್. ಇದು ಆಳ ಸಮುದ್ರದ ಪ್ರಾಣಿಯಲ್ಲ. ದಡಕ್ಕೆ ಹತ್ತಿರ, ಆಳ ಕಮ್ಮಿ ಇರೋ ಕಡೆ, ನದಿ ಸಮುದ್ರ ಸೇರೋ ಜಾಗದಲ್ಲೇ ಇದರ ಜೀವನ. ಹಾಗಾಗಿಯೇ ನಮಗೆ ಸುಲಭವಾಗಿ ಕಾಣೋದು, ಹಾಗಾಗಿಯೇ ಅಪಾಯವೂ ಜಾಸ್ತಿ. ಬಲೆ, ಬಂದರು, ಕೊಳಚೆ, ಪ್ರವಾಸಿ ದೋಣಿ ಎಲ್ಲಾ ಇರೋದು ಇದೇ ಪಟ್ಟಿಯಲ್ಲಿ. ಜಾಗತಿಕವಾಗಿ ಇದನ್ನ ಅಳಿವಿನಂಚಿನ ಜೀವಿ ಅಂತ ಗುರುತಿಸಿದ್ದಾರೆ. ಇದು ದಾರಿ, ಬೇಟೆ, ಮರಿ ಎಲ್ಲವನ್ನೂ ಶಬ್ದದಿಂದಲೇ ಕಂಡುಕೊಳ್ಳೋ ಪ್ರಾಣಿ. ನಾಲ್ಕು ದೋಣಿ ಎಂಜಿನ್ ಜೋರು ಮಾಡಿ ಸುತ್ತುವರಿದ್ರೆ ಅದಕ್ಕೆ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಕಣ್ಣು ಕಟ್ಟಿ ಬಿಟ್ಟ ಹಾಗೆ. ದೋಣಿಯವರು ಬೆನ್ನಟ್ಟೋದು ನಾವು 'ಇನ್ನೂ ಹತ್ತಿರ' ಅನ್ನೋದ್ರಿಂದ. ದೂರದಲ್ಲೇ ಎಂಜಿನ್ ನ್ಯೂಟ್ರಲ್‌ಗೆ ಹಾಕಿಸಿ ಹತ್ತು ನಿಮಿಷ ಸುಮ್ಮನೆ ಕೂತುಬಿಡಿ. ಬಂದ್ರೆ ಅವೇ ಬರ್ತವೆ.

ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಪುಟದಲ್ಲಿ ನಮ್ಮ ಕ್ಯಾಲೆಂಡರ್ ಮತ್ತು ಕಡಲಿನ ಕ್ಯಾಲೆಂಡರ್ ಎದುರುಬದುರು ನಿಲ್ಲುತ್ತವೆ. ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡೋಕೆ ದಡಕ್ಕೆ ಬರೋ ಕಾಲ ಇದು. ಒಡಿಶಾದ ಹಾಗೆ ಇಲ್ಲಿ ಲಕ್ಷಗಟ್ಟಲೆ ಒಟ್ಟಿಗೆ ಬರಲ್ಲ. ದೇವಬಾಗ, ಹೊನ್ನಾವರದ ಕಾಸರಕೋಡ ಟೊಂಕ ಇಂಥ ಕಡೆ ರಾತ್ರಿ ಒಂದೊಂದಾಗಿ ಬಂದು, ಮರಳು ತೋಡಿ, ನೂರರ ಆಸುಪಾಸು ಮೊಟ್ಟೆ ಇಟ್ಟು ಹೋಗ್ತವೆ. ಮೀನುಗಾರರು ಸುದ್ದಿ ಕೊಡ್ತಾರೆ, ಅರಣ್ಯ ಇಲಾಖೆಯವರು ಬೇಲಿ ಹಾಕ್ತಾರೆ. ಟೊಂಕದ ಖಾಸಗಿ ಬಂದರಿನ ವಿರುದ್ಧ ವರ್ಷಗಳಿಂದ ಹೋರಾಡ್ತಿರೋ ಮೀನುಗಾರರಿಗೆ ಮನೆ ಮತ್ತು ಮೀನು ಒಣಗಿಸೋ ಜಾಗದ ಜೊತೆ ಈ ಆಮೆಯೂ ಒಂದು ವಾದ.

ಸುಮಾರು ಒಂದೂವರೆ ತಿಂಗಳಿನಿಂದ ಎರಡು ತಿಂಗಳಲ್ಲಿ ಮರಿ ಹೊರಗೆ ಬರ್ತವೆ. ಮರಳಿನ ಬಿಸಿ ಹೆಚ್ಚಾದಷ್ಟೂ ಹೆಣ್ಣು ಮರಿ ಜಾಸ್ತಿ. ರಾತ್ರಿ ಹೊರಬಿದ್ದ ಮರಿಗೆ ಗೊತ್ತಿರೋದು ಒಂದೇ ನಿಯಮ: ಎಲ್ಲಿ ಹೆಚ್ಚು ಬೆಳಕು ಕಾಣತ್ತೋ ಅತ್ತ ಹೋಗು. ಕತ್ತಲ ದಂಡೆಯಲ್ಲಿ ಆ ಬೆಳಕು ಸಮುದ್ರದ್ದು. ಹೊಸ ವರ್ಷದ ಪಾರ್ಟಿ, ರೆಸಾರ್ಟಿನ ಫ್ಲಡ್‌ಲೈಟ್, ಶ್ಯಾಕ್‌ಗಳ ಸೀರಿಯಲ್ ಸೆಟ್ ಇರೋ ದಂಡೆಯಲ್ಲಿ ಆ ಬೆಳಕು ನಮ್ಮದು. ಮರಿ ನೀರಿಗೆ ಬೆನ್ನು ಹಾಕಿ ನಡೆಯತ್ತೆ. ಬೆಳಗಾಗೋದ್ರೊಳಗೆ ನಾಯಿ, ಏಡಿ, ಕಾಗೆ. ಸಾವಿರಕ್ಕೊಂದು ಬದುಕಿ ದೊಡ್ಡದಾಗತ್ತೆ ಅಂತಾರೆ. ಆ ಲೆಕ್ಕದಲ್ಲಿ ಒಂದು ರಾತ್ರಿಯ ಪಾರ್ಟಿಯೂ ಸಣ್ಣದಲ್ಲ.

ಸೀಸನ್‌ನಲ್ಲಿ ಸಮುದ್ರ ಸಾಧು ಅನ್ನೋದೂ ಸುಳ್ಳು. 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡ್ರು. ಮಳೆಯಿಲ್ಲದ ತಿಂಗಳು ಅದು. ದಡಕ್ಕೆ ಬಡಿದ ನೀರು ಕೆಲವು ಕಡೆ ಕಿರಿದಾದ ದಾರಿ ಮಾಡಿಕೊಂಡು ರಭಸವಾಗಿ ವಾಪಸ್ ಹೋಗತ್ತೆ. ಅಲೆ ಒಡೆಯದೆ ಶಾಂತವಾಗಿ ಕಾಣೋ ಪಟ್ಟಿ ಇದ್ರೆ, ಎಷ್ಟೋ ಸಲ ಅದೇ ಆ ದಾರಿ. ಸಿಕ್ಕಿಕೊಂಡ್ರೆ ದಡದ ಕಡೆಗೆ ಈಜಿ ಸುಸ್ತಾಗಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಗೆ ಬರಬೇಕು.

ಏಪ್ರಿಲ್, ಮೇನಲ್ಲಿ ಇನ್ನೊಂದು ಥರ. ದಕ್ಷಿಣ ಹಿಂದೂ ಮಹಾಸಾಗರದ ಚಳಿ ಪ್ರದೇಶದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ದಾಟಿ ಇಲ್ಲಿ ಬಂದು ನುಗ್ಗುತ್ತವೆ. ಇಲ್ಲಿ ಗಾಳಿಯಿಲ್ಲ, ಮೋಡವಿಲ್ಲ, ಆದ್ರೂ ನೀರು ಏರತ್ತೆ. ಮಲಯಾಳಿಗಳು ಇದನ್ನ ಕಳ್ಳಕ್ಕಡಲ್ ಅಂತಾರೆ, ಕಳ್ಳನ ಹಾಗೆ ಬರೋ ಕಡಲು. ಮೇ ತಿಂಗಳಲ್ಲಿ ಚಂಡಮಾರುತವೂ ಬರಬಹುದು, 2021ರ ತೌಕ್ತೆ ನೆನಪಿರಬೇಕು. ನಿಮ್ಮ ಫೋನಿನ ವೆದರ್ ಆ್ಯಪ್ ಬಿಸಿಲಿನ ಚಿತ್ರ ತೋರಿಸ್ತಿದ್ರೂ ಇಂಥ ಅಲೆ ಬರಬಹುದು. ಅದಕ್ಕೆ ನೋಡಬೇಕಾದ್ದು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡೋ ಅಲೆಗಳ ಮುನ್ಸೂಚನೆ. ಮೀನುಗಾರರಿಗಾಗಿ ಕೊಡೋ ಮಾಹಿತಿ, ನಮಗೂ ಉಚಿತ.

ಹಾಗಾದ್ರೆ ಹೋಗೋದು ಯಾವಾಗ? ನವೆಂಬರ್‌ನಿಂದ ಫೆಬ್ರವರಿ ಒಳಗೆ, ಪಟ್ಟಿಯಲ್ಲಿ ಇಲ್ಲದ ಒಂದು ಸಾಮಾನ್ಯ ವಾರ ಆರಿಸಿಕೊಳ್ಳಿ. ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದ್ರೆ ಬೆಳಗ್ಗೆ ಮುರುಡೇಶ್ವರ, ಹೊನ್ನಾವರ, ಕುಮಟಾ ಸಾಲಾಗಿ ಬರ್ತವೆ, ಹೆದ್ದಾರಿಯ ರಗಳೆ ಇಲ್ಲ. ರೂಮು ಬುಕ್ ಮಾಡುವಾಗ ಒಂದು ಪ್ರಶ್ನೆ ಕೇಳಿ: ರಾತ್ರಿ ದಂಡೆ ಕಡೆಯ ದೀಪ ಆರಿಸ್ತೀರಾ? ಹತ್ತು ಜನ ಕೇಳಿದ್ರೆ ಮಾಲೀಕರಿಗೆ ಅದು ಗಿರಾಕಿಗಳ ಬೇಡಿಕೆ. ನೂರು ಜನ ಕೇಳಿದ್ರೆ ಅದೇ ಅಲ್ಲಿನ ರೂಢಿ ಆಗತ್ತೆ. ಆಗಸ್ಟ್ 15ಕ್ಕೆ ಎಲ್ಲಿಗೆ ಅಂತ ಗ್ರೂಪಿನಲ್ಲಿ ಮತ್ತೆ ಪ್ರಶ್ನೆ ಬಂದಾಗ, ಗೋಕರ್ಣದ ಬದಲು ಬೇರೆ ಊರು ಹೇಳಿ. ಕಡಲಿಗೆ ಆ ವಾರ ಇನ್ನೂ ಕೆಲಸ ಬಾಕಿ ಇರತ್ತೆ.