ಆಕ್ಟೇನ್ ಅಂಕವೂ ಕಾರಿನ ಕಸುವೂ

ಹೆಚ್ಚು ಬೆಲೆಯ ಪೆಟ್ರೋಲು ಹಾಕಿಸಿದರೆ ಕಾರಿಗೆ ಹೆಚ್ಚು ಕಸುವು ಬರುವುದೆಂಬ ನಂಬಿಕೆ ನಮ್ಮಲ್ಲಿ ಬಹುವಾಗಿ ಹರಡಿದೆ. ನಮ್ಮೊಡನೆ ಕಾಲೇಜಿನಲ್ಲಿ ಪಾಠ ಹೇಳುವ ಮಿತ್ರರೊಬ್ಬರು ತಮ್ಮ ಪುಟ್ಟ ಕಾರಿಗೆ ಆಗಾಗ ಮೇಲ್ದರ್ಜೆಯ ಪೆಟ್ರೋಲನ್ನು ಹಾಕಿಸುತ್ತಾರೆ. ಏತಕ್ಕೆಂದು ಕೇಳಿದರೆ, “ಹಬ್ಬದ ದಿನ ಅದಕ್ಕೂ ಪಾಯಸ ಬೇಡವೇ?” ಎನ್ನುತ್ತಾರೆ. ಮಾತು ಸೊಗಸಾಗಿದೆ, ಆದರೆ ಭೌತವಿಜ್ಞಾನ ಅದನ್ನು ಒಪ್ಪದು.

ಎಂಜಿನಿನ ಸಿಲಿಂಡರಿನೊಳಗೆ ಪೆಟ್ರೋಲಿನ ಆವಿಯೂ ಗಾಳಿಯೂ ಬೆರೆತು ತುಂಬಿದಾಗ ಪಿಸ್ಟನ್ ಮೇಲೇರಿ ಆ ಮಿಶ್ರಣವನ್ನು ಅದುಮುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ವಾಚಕರು ಬಲ್ಲರು. ಇಲ್ಲಿಯೂ ಅದುಮಿದಷ್ಟೂ ಉಷ್ಣತೆ ಏರುವುದು. ತಕ್ಕ ಕ್ಷಣದಲ್ಲಿ ಪ್ಲಗ್ಗಿನ ಕಿಡಿ ಹಾರಿ, ಅಲ್ಲಿಂದ ಹೊರಟ ಜ್ವಾಲೆ ಕ್ರಮವಾಗಿ ಮಿಶ್ರಣವನ್ನೆಲ್ಲ ಸುಡಬೇಕು. ಜ್ವಾಲೆ ಬಂದು ತಲಪುವ ಮೊದಲೇ ದೂರದ ಮೂಲೆಯ ಮಿಶ್ರಣ ತಾನಾಗಿಯೇ ಹೊತ್ತಿಕೊಂಡರೆ ಒಳಗೆ ಒತ್ತಡದ ಅಲೆಗಳೆದ್ದು, ಲೋಹವನ್ನು ಬಡಿದಂತೆ ಟಣಟಣ ಸದ್ದಾಗುತ್ತದೆ. ಇದನ್ನೇ ‘ನಾಕಿಂಗ್’ ಎನ್ನುವರು. ಇದು ಬಹುಕಾಲ ನಡೆದರೆ ಪಿಸ್ಟನ್ ಕೆಡುವುದುಂಟು.

ಹೀಗೆ ತಾನಾಗಿ ಹೊತ್ತಿಕೊಳ್ಳದೆ ತಡೆದು ನಿಲ್ಲುವ ಗುಣಕ್ಕೆ ಅಳತೆಯೊಂದು ಬೇಕಾಯಿತು. 1920ರ ದಶಕದಲ್ಲಿ ಅಮೆರಿಕದ ಗ್ರಹಾಂ ಎಡ್ಗರ್ ಎಂಬ ರಸಾಯನ ವಿಜ್ಞಾನಿ ಅದನ್ನು ಸೂಚಿಸಿದನು. ಸುಲಭವಾಗಿ ಸಿಡಿಯುವ ಹೆಪ್ಟೇನಿಗೆ ಸೊನ್ನೆ. ಚೆನ್ನಾಗಿ ತಡೆಯುವ ಐಸೊ-ಆಕ್ಟೇನಿಗೆ 100. ಇವುಗಳಲ್ಲಿ 91 ಪಾಲು ಐಸೊ-ಆಕ್ಟೇನೂ 9 ಪಾಲು ಹೆಪ್ಟೇನೂ ಬೆರೆತ ದ್ರವದಂತೆ ನಡೆದುಕೊಳ್ಳುವ ಪೆಟ್ರೋಲಿಗೆ 91ರ ಅಂಕ. ಈ ಅಂಕದಲ್ಲಿ ಇಂಧನದಲ್ಲಿ ಎಷ್ಟು ಶಾಖ ಅಡಗಿದೆಯೆಂಬ ಲೆಕ್ಕವೇ ಬರುವುದಿಲ್ಲ.

ಇದಕ್ಕೆ ನಿದರ್ಶನ ನಮ್ಮ ಬಂಕುಗಳಲ್ಲಿಯೇ ಇದೆ. ಎಥನಾಲಿನ ಆಕ್ಟೇನ್ ಅಂಕ ಸುಮಾರು 108. ಅದನ್ನು ಶೇಕಡ 20ರಷ್ಟು ಬೆರೆಸಿದುದರಿಂದ, ಹಿಂದೆ 91 ಇದ್ದ ನಮ್ಮ ಪೆಟ್ರೋಲಿನ ಅಂಕ 95ಕ್ಕೆ ಏರಿತೆಂದು ಕೇಂದ್ರ ಸರ್ಕಾರ 2025ರಲ್ಲಿ ತಿಳಿಸಿತು. ಹಾಗಾದರೆ ಮೈಲೇಜೂ ಏರಬೇಕಿತ್ತಲ್ಲವೆ? ಲೀಟರಿಗೆ ಲೀಟರು ತೂಗಿ ನೋಡಿದರೆ ಎಥನಾಲಿನ ಶಾಖ ಪೆಟ್ರೋಲಿಗಿಂತ ಮೂರನೆಯ ಒಂದು ಪಾಲು ಕಡಿಮೆ. ಇಪ್ಪತ್ತರಲ್ಲಿ ಮೂರನೆಯ ಒಂದು ಪಾಲೆಂದರೆ ಆರೂ ಮುಕ್ಕಾಲಿಗೆ ಸಮೀಪ. ಬರಿಯ ಪೆಟ್ರೋಲಿಗಾಗಿ ರಚಿಸಿ ಶೇಕಡ 10ರ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲಿ ಮೈಲೇಜು ಶೇಕಡ 6–7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೂ ಹೇಳಿತ್ತು. ಅಂಕ ಏರಿತು, ಶಾಖ ಇಳಿಯಿತು!

ಹಾಗೆಂದು ಹೆಚ್ಚಿನ ಆಕ್ಟೇನ್ ಬರಿಯ ಬೂಟಾಟಿಕೆಯೆಂದು ನಾವು ಹೇಳುತ್ತಿಲ್ಲ. ಮಿಶ್ರಣವನ್ನು ಹೆಚ್ಚು ಅದುಮಿದಷ್ಟೂ ಎಂಜಿನಿನ ದಕ್ಷತೆ ಹೆಚ್ಚುವುದು. ಸಂಪೀಡನ ನಿಷ್ಪತ್ತಿ 8 ಆಗಿದ್ದರೆ ಆದರ್ಶ ಆಟೊ ಚಕ್ರದ ದಕ್ಷತೆ ಶೇಕಡ 56.5, ಅದೇ 10 ಆದರೆ ಶೇಕಡ 60.2. (ಪದವಿ ತರಗತಿಯ ವಿದ್ಯಾರ್ಥಿಗಳು γ = 1.4 ಎಂದಿಟ್ಟುಕೊಂಡು ಲೆಕ್ಕ ಮಾಡಿ ನೋಡಬಹುದು. ನಿಜವಾದ ಎಂಜಿನಿನಲ್ಲಿ ಇಷ್ಟು ದಕ್ಷತೆ ಸಿಕ್ಕುವುದಿಲ್ಲ.) ಹೆಚ್ಚು ಅದುಮುವ ಎಂಜಿನಿಗೂ ಟರ್ಬೊ ಎಂಜಿನಿಗೂ ಹೆಚ್ಚಿನ ಅಂಕದ ಇಂಧನ ಬೇಕಾಗಬಹುದು. ಈಗಿನ ಕಾರುಗಳಲ್ಲಿ ನಾಕಿಂಗನ್ನು ಗುರುತಿಸುವ ಸಂವೇದಕವಿದ್ದು, ಸದ್ದಿನ ಸುಳಿವು ಸಿಕ್ಕೊಡನೆ ಕಿಡಿಯನ್ನು ತುಸು ತಡಮಾಡುತ್ತದೆ. ಎಂಜಿನ್ ಉಳಿಯುತ್ತದೆ, ಕಸುವು ಕುಂದುತ್ತದೆ. ಅಂಥ ಕಾರಿಗೆ ಕೆಳದರ್ಜೆಯ ಪೆಟ್ರೋಲು ಹಾಕುವುದು ಉಳಿತಾಯವಲ್ಲ. ಆದರೆ 91 ಸಾಕೆನ್ನುವ ಕಾರಿಗೆ 100ರ ಅಂಕದ ಪೆಟ್ರೋಲು ಕೊಟ್ಟರೆ ಅದನ್ನು ಬಳಸಿಕೊಳ್ಳುವ ಅಂಗವೇ ಅದರಲ್ಲಿಲ್ಲ. ಅಮೆರಿಕದ ವಾಹನ ಸವಾರರ ಸಂಘವಾದ ಎ.ಎ.ಎ. 2016ರಲ್ಲಿ ಸಾಮಾನ್ಯ ಪೆಟ್ರೋಲಿಗೆಂದೇ ರಚಿಸಿದ ಕಾರುಗಳನ್ನು ಪರೀಕ್ಷಿಸಿ, ಮೇಲ್ದರ್ಜೆಯ ಪೆಟ್ರೋಲಿನಿಂದ ಅವಕ್ಕೆ ಗಮನಾರ್ಹ ಪ್ರಯೋಜನವಿಲ್ಲವೆಂದು ಕಂಡಿತು. ವರ್ಷವೊಂದರಲ್ಲಿ ಆ ದೇಶದ ಜನ ಹೀಗೆ ವ್ಯರ್ಥಮಾಡಿದ ಹಣ 210 ಕೋಟಿ ಡಾಲರು ಎಂದು ಅದರ ಅಂದಾಜು.

ನಮ್ಮಲ್ಲಿ 2020ರ ಡಿಸೆಂಬರಿನಲ್ಲಿ 100 ಆಕ್ಟೇನಿನ ಪೆಟ್ರೋಲು ಮಾರಾಟಕ್ಕೆ ಬಂದಾಗ ದೆಹಲಿಯಲ್ಲಿ ಅದರ ಬೆಲೆ ಲೀಟರಿಗೆ 160 ರೂಪಾಯಿ. ಸಾಮಾನ್ಯ ಪೆಟ್ರೋಲಿಗೆ 84 ರೂಪಾಯಿಯೂ ಆಗಿರಲಿಲ್ಲ. ತಿಂಗಳ ಸಂಬಳದಲ್ಲಿ ಕಾರಿನ ಕಂತು ಕಟ್ಟುವವನಿಗೆ ಈ ಅಂತರ ಸಣ್ಣದಲ್ಲ. ಇಷ್ಟಾದರೂ ಅನೇಕ ಬಂಕುಗಳಲ್ಲಿ ಪಂಪಿನ ಮೇಲೆ ಮಿಂಚುವ ಹೆಸರಿರುತ್ತದೆ, ಅಂಕವಿರುವುದಿಲ್ಲ. ಶೀಶೆಯ ಮೇಲೆ ಔಷಧದ ಪ್ರಮಾಣ ಬರೆದಿರಬೇಕೆಂದು ಕೇಳುವ ನಾವು ಇದನ್ನೇಕೆ ಸಹಿಸಬೇಕು? ಪ್ರತಿಯೊಂದು ಪಂಪಿನ ಮೇಲೆಯೂ ಆಕ್ಟೇನ್ ಅಂಕವನ್ನು ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೆಯತಕ್ಕದ್ದೆಂದು ನಮ್ಮ ಅಭಿಪ್ರಾಯ. ಅಮೆರಿಕದಲ್ಲಿ ಅಂಕ ಬರೆದಿರುತ್ತಾರೆ. ಅಲ್ಲಿರುವ ನೆಂಟರು “ನಮ್ಮಲ್ಲಿ 87 ಹಾಕಿಸುತ್ತೇವೆ” ಎಂದರೆ ಅದು ಕೀಳೆಂದು ತಿಳಿಯಬೇಕಾಗಿಲ್ಲ. ಅಲ್ಲಿ ಎರಡು ಬಗೆಯ ಪರೀಕ್ಷೆಗಳ ಸರಾಸರಿಯನ್ನು ಬರೆಯುವರು. ಅವರ 87 ನಮ್ಮ 91ಕ್ಕೆ ಹೆಚ್ಚು ಕಡಿಮೆ ಸಮ.

ಕಾರಿಗೆ ಯಾವುದು ಬೇಕೆಂಬುದನ್ನು ತಯಾರಕರ ಕೈಪಿಡಿಯಲ್ಲಿ ನೋಡಬೇಕು. ಕೆಲವು ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಮೈಯಲ್ಲಿಯೂ ಬರೆದಿರುತ್ತದೆ. ನಮ್ಮ ಮಿತ್ರರ ಕಾರಿನ ಕೈಪಿಡಿ, ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ, ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಮಲಗಿತ್ತು. ತೆರೆದು ನೋಡಿದೆವು: 91 ಸಾಕು. ಅವರು ಪಾಯಸವನ್ನು ಇನ್ನೂ ಪೂರ್ತಿ ಬಿಟ್ಟಿಲ್ಲ. ಮೇಲ್ದರ್ಜೆಯ ಪೆಟ್ರೋಲಿನಲ್ಲಿ ಎಂಜಿನನ್ನು ಶುಚಿಮಾಡುವ ದ್ರವ್ಯವಿರುತ್ತದೆಂಬುದು ಅವರ ಈಗಿನ ವಾದ. ಇರಬಹುದು, ಅದಕ್ಕೂ ಆಕ್ಟೇನಿಗೂ ಸಂಬಂಧವಿಲ್ಲ.

ಇನ್ನು ಚಾರ್ಮಾಡಿ ಘಾಟಿಯನ್ನು ತುಂಬಿದ ಕಾರಿನಲ್ಲಿ ಏರುವಾಗ ಆ ಟಣಟಣ ಕೇಳಿಸಿತೆನ್ನೋಣ. ಪೆಟ್ರೋಲನ್ನು ದೂರುವ ಮೊದಲು ಗೇರನ್ನು ಒಂದು ಹಂತ ಇಳಿಸಿ ನೋಡಬೇಕು. ವೇಗ ಕಡಿಮೆಯಿರುವಾಗ ಮೇಲಿನ ಗೇರಿನಲ್ಲಿಯೇ ಎಂಜಿನನ್ನು ದುಡಿಸಿದರೆ ನಾಕಿಂಗ್ ಬರುವುದು ಸಹಜ. ಇಳಿಸಿದ ಮೇಲೂ ಸದ್ದು ನಿಲ್ಲದಿದ್ದರೆ ಮೆಕ್ಯಾನಿಕ್ಕಿಗೆ ತೋರಿಸುವುದು ಒಳ್ಳೆಯದು.