ಘಟ್ಟವಿಳಿಯುವ ರೈಲು

ಕಳೆದ ಕಾಲವು ಮನುಷ್ಯನಿಗೆ ಎಂದೂ ಪ್ರಿಯವಾದುದು. ಅದು ದೂರ ಸರಿದಷ್ಟೂ ಅದರ ಕಷ್ಟಗಳು ಮರೆಯಾಗುತ್ತವೆ. ಸೊಗಸು ಮಾತ್ರ ಮನಸ್ಸಿನಲ್ಲಿ ಉಳಿಯುತ್ತದೆ. ಈ ಮಾತಿನ ಸತ್ಯವು ಈಚೆಗೆ ನಂದಿಕೂರಿನ ಪರಿಚಿತರೊಬ್ಬರ ಮನೆಯಲ್ಲಿ ನನಗೆ ಮನವರಿಕೆಯಾಯಿತು.

ಆ ಊರಿನ ಬಳಿ ಇಂದು ಕೊಂಕಣ ರೈಲು ಓಡುತ್ತದೆ. ಆದರೆ ಮಂಗಳೂರು–ಉಡುಪಿ ನಡುವೆ ಆ ಮಾರ್ಗವು ತೆರೆದುದು 1993ರಲ್ಲಿ. ಅದಕ್ಕೆ ಮೊದಲು ಅಲ್ಲಿನವರು ರೈಲು ಹತ್ತಲು ಮಂಗಳೂರಿಗೇ ಹೋಗಬೇಕಾಗಿತ್ತು. ಆ ದಿನಗಳಲ್ಲಿ ಹಾಸನದಿಂದ ಊರಿಗೆ ಮರಳುವಾಗ ತಾವು ತೆಗೆದಿದ್ದ ವೀಡಿಯೊ ಚಿತ್ರವೊಂದನ್ನು ನನ್ನ ಪರಿಚಿತರು ನೆರೆಮನೆಯ ಮಕ್ಕಳಿಗೆ ತೋರಿಸುತ್ತಿದ್ದರು.

ಚಿತ್ರದ ಬಣ್ಣ ಮಾಸಿತ್ತು, ದನಿ ಒಡೆದಿತ್ತು. ಆದರೂ ಮಂಜು ಕವಿದ ಕಾಡು, ಬಂಡೆಯಿಂದ ಧುಮುಕುವ ತೊರೆ, ಕಮರಿಯ ಮೇಲಿನ ಸೇತುವೆ, ಸುರಂಗದ ಕತ್ತಲೆ, ಆ ಕತ್ತಲೆಯಲ್ಲಿ ಎದ್ದ ಕೇಕೆ ಎಲ್ಲರನ್ನೂ ಸೆರೆಹಿಡಿದುವು. “ಆ ಕಾಲವೇ ಚೆನ್ನಾಗಿತ್ತು” ಎಂದು ಹಿರಿಯರೊಬ್ಬರು ನಿಟ್ಟುಸಿರಿಟ್ಟರು. ಆಗ ಬಾಲಕಿಯೊಬ್ಬಳು, “ಅಜ್ಜಾ, ರೈಲು ಅಷ್ಟು ನಿಧಾನವಾಗಿ ಹೋಗುತ್ತಿದ್ದುದು ಏಕೆ?” ಎಂದು ಕೇಳಿದಳು. “ನಮಗೆ ಕಾಡು ತೋರಿಸಲು” ಎಂದು ಯಾರೋ ನಕ್ಕರು.

ಆ ಉತ್ತರ ಇಂಪಾಗಿತ್ತು, ಆದರೆ ನಿಜವಾಗಿರಲಿಲ್ಲ. ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗವು 1979ರಲ್ಲಿ ಪೂರ್ಣಗೊಂಡಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರುಗಳಲ್ಲಿ 57 ಸುರಂಗಗಳೂ ನೂರಕ್ಕೂ ಮಿಕ್ಕ ಸೇತುವೆಗಳೂ ಇವೆ. ಘಟ್ಟದಲ್ಲಿ 50 ಮೀಟರು ಸಾಗಿದರೆ ಹಳಿ ಒಂದು ಮೀಟರು ಇಳಿಯುತ್ತದೆ. ಇಂತಹ ಇಳಿಜಾರಿನಲ್ಲಿ ಭಾರವಾದ ಗಾಡಿ ಒಮ್ಮೆ ಹಿಡಿತ ತಪ್ಪಿದರೆ ಅದನ್ನು ನಿಲ್ಲಿಸುವುದು ಬಹು ಕಷ್ಟ. ಆ ನಿಧಾನವು ವಿಹಾರಕ್ಕಾಗಿ ಅಲ್ಲ, ಪ್ರಾಣರಕ್ಷಣೆಗಾಗಿ.

ಹಳೆಯ ಚಿತ್ರಗಳು ನಮ್ಮನ್ನು ಮರುಳುಗೊಳಿಸುವುದು ಹೀಗೆಯೇ. ಅವು ದಾರಿಯ ಚೆಲುವನ್ನು ತೋರಿಸುತ್ತವೆ. ಬಂಡೆಯನ್ನು ಕೊರೆದ ಕೈಗಳನ್ನು ತೋರಿಸುವುದಿಲ್ಲ. ಮಳೆಗಾಲದ ರಾತ್ರಿ ದೀಪ ಹಿಡಿದು, ಸಡಿಲಗೊಂಡ ಕಲ್ಲುಮಣ್ಣನ್ನು ಹುಡುಕುತ್ತ ಹಳಿಯುದ್ದಕ್ಕೂ ನಡೆಯುವ ಗ್ಯಾಂಗ್‌ಮನ್‌ಗಳು ಅವುಗಳಲ್ಲಿ ಅಪರೂಪ. ಹಳಿಗೆ ಎಡೆಮಾಡಿಕೊಡಲು ಉರುಳಿದ ಮರಗಳಂತೂ ಇಲ್ಲವೇ ಇಲ್ಲ.

ಮಾರ್ಗವನ್ನು ಬ್ರಾಡ್ ಗೇಜ್‌ಗೆ ಪರಿವರ್ತಿಸಲು 1996ರಲ್ಲಿ ಇಲ್ಲಿ ಸಂಚಾರ ನಿಂತಿತು. ಪ್ರಯಾಣಿಕರ ರೈಲು ಮರಳಿ ಬಂದುದು 2007ರ ಡಿಸೆಂಬರಿನಲ್ಲಿ. 2021ರಿಂದ ಗಾಜಿನ ಛಾವಣಿಯ ಬೋಗಿಯಲ್ಲಿ ಕುಳಿತು ಘಟ್ಟವನ್ನು ನೋಡುವ ಅನುಕೂಲವೂ ಒದಗಿತು. ಆದರೆ ಬೆಟ್ಟ ಬದಲಾಗಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಸಂಚಾರ ನಿಂತಿತು. 2024ರ ಜುಲೈಯಲ್ಲಿ ಮತ್ತೆ ಹಾಗಾಯಿತು. ಆಗಲೂ ಸುರಿಯುವ ಮಳೆಯಲ್ಲಿ ನಿಂತು ದಾರಿಯನ್ನು ಸರಿಪಡಿಸಿದವರು ಕಾರ್ಮಿಕರೇ.

“ಚೆಲುವನ್ನು ಸವಿಯುವಾಗ ಇಂತಹ ವಿಚಾರವೇಕೆ?” ಎಂದು ಕೆಲವರು ಕೇಳಬಹುದು. ವಿಚಾರದಿಂದ ಚೆಲುವು ಕುಂದುವುದಿಲ್ಲ ಎಂಬುದೇ ನನ್ನ ಅಭಿಪ್ರಾಯ. ಸೇತುವೆ ಹೇಗೆ ನಿಂತಿದೆಯೆಂದು ಬಲ್ಲವನಿಗೆ ಅದು ಇನ್ನಷ್ಟು ಸುಂದರವಾಗಿ ಕಾಣುತ್ತದೆ. ಹಳೆಯ ಚಿತ್ರಗಳನ್ನು ಅವಶ್ಯವಾಗಿ ಕಾಪಾಡಬೇಕು. ಕರಾವಳಿಯ ತೇವದಲ್ಲಿ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯುವ ಮೊದಲೇ ಅವುಗಳ ಪ್ರತಿ ಮಾಡಿಸಿ, ವರ್ಷವನ್ನೂ ಸ್ಥಳವನ್ನೂ ಬರೆದಿಡಬೇಕು. ಆದರೆ ಅವನ್ನು ನಿಟ್ಟುಸಿರಿಡಲು ಮಾತ್ರ ನೋಡದೆ, ಪ್ರಶ್ನೆ ಕೇಳಲೂ ನೋಡಬೇಕು. ಇಂದು ನೀವು ಮೊಬೈಲಿನಲ್ಲಿ ಹಿಡಿಯುವ ಚಿತ್ರವೂ ಮುಂದೊಂದು ದಿನ ಹಳೆಯದಾಗುವುದು. ಅದರಲ್ಲಿ ಜಲಪಾತದ ಜೊತೆಗೆ ಹಳಿ ಕಾಯುವವನಿಗೂ ಎಡೆಯಿರಲಿ.

ಅಂದು ಆ ಬಾಲಕಿ ಚಿತ್ರವನ್ನು ಮತ್ತೊಮ್ಮೆ ಹಾಕಿಸಿದಳು. ಸುರಂಗದ ಬಾಯಿಯಲ್ಲಿ, ಗೋಡೆಗೆ ಒತ್ತಿ ನಿಂತು ಹಸಿರು ಬಾವುಟ ತೋರುತ್ತಿದ್ದ ಒಬ್ಬ ಮನುಷ್ಯನನ್ನು ಅವಳು ಬೆರಳಿಟ್ಟು ತೋರಿಸಿದಳು. ಅದುವರೆಗೆ ನಮ್ಮಲ್ಲಿ ಯಾರೂ ಅವನನ್ನು ಕಂಡಿರಲಿಲ್ಲ.